ಬಿಸಿಬಾಗಿಲು, ಹೊಳೆಬಾಗಿಲು

ಸೀಸದ ಗುಂಡಿನ ತಳಕ್ಕೆ ಮೇಣ ಮೆತ್ತಿ
ಹಗ್ಗ ಬಿಡುವುದು ನನ್ನ ಕೆಲಸ.
ಹೂಳಿನ ಲೆಕ್ಕ ಬರೆಯುವುದು
ಹಾವೇರಿ ಕಡೆಯ ಬಣಕಾರ್ ಸಾಹೇಬರದು.
ಹೊಳೆಬಾಗಿಲಿನಿಂದ ಮಡೇನೂರಿನ ದಿಕ್ಕಿಗೆ
ನೂರು ಮೀಟರಿಗೊಮ್ಮೆ ದೋಣಿ ನಿಲ್ಲಿಸಿ ಕೂಗುತ್ತೇನೆ:
ಹದಿನಾಲ್ಕು. ಹದಿನಾಲ್ಕೂವರೆ.
ಆಮೇಲೆ ಹಗ್ಗ ಸಡಿಲವಾಗುತ್ತದೆ, ಮೆತ್ತಗೆ,
ಕತ್ತಲಲ್ಲಿ ಹಾಸಿಗೆಯ ಅಂಚಿಗೆ ಯಾರೋ ಕೂತ ಹಾಗೆ.

ಈ ಮೆತ್ತಗಿನ ಸುದ್ದಿ ಮೊದಲು ಕೇಳಿದ್ದು
ಏಳನೇ ಕ್ಲಾಸಿನಲ್ಲಿ.
ಫಿಲೋಮಿನಾ ಟೀಚರ್ ಹೊನ್ನಾವರದವರು,
ಶರಾವತಿ ಉಪ್ಪಾಗುವುದನ್ನು ದಿನಾ ನೋಡಿ ಬೆಳೆದವರು.
ಇಟಲಿಯನ್ನು ತಿಂದು ಮುಗಿಸಿದ ಗೆದ್ದಲು
ಗ್ರೀಸಿನ ಹತ್ತಿರ ಬಂದಿದ್ದ ನಕ್ಷೆಯ ಮೇಲೆ
ಬೆರಳಿಟ್ಟು ಹೇಳಿದರು:
“ಇದು ಮಾಲಿಯಾಕ. ಕೊಲ್ಲಿ.”
“ಯಾರನ್ನ ಟೀಚರ್?”
ಅಂದ, ಹಿಂದಿನ ಬೆಂಚಿನ ಗುತ್ಯಪ್ಪ.

ಬಾಯಿಗೆ ಸೆರಗಿಟ್ಟು ನಕ್ಕರು. ನಕ್ಕು ಸುಮ್ಮನಾದರು.
“ಸರಿಯಾಗೇ ಕೇಳಿದೆ. ಕೂತ್ಕೋ.”

ಒಂದು ಕಡೆ ಗುಡ್ಡ, ಒಂದು ಕಡೆ ಕಡಲು,
ನಡುವೆ ಒಂದೇ ಗಾಡಿ ಹೋಗುವಷ್ಟು ಹಾದಿ.
ಪಕ್ಕದಲ್ಲಿ ಗಂಧಕ ನಾರುವ ಬಿಸಿ ಒರತೆ,
ಅದಕ್ಕೇ ಆ ಜಾಗಕ್ಕೆ ಬಿಸಿಬಾಗಿಲು ಅಂತ ಹೆಸರು.
ಆಚೆ, ರಸ್ತೆಗೆ ಅಡ್ಡ ಮಲಗಿದ ಎಮ್ಮೆಯಂತೆ, ಎವಿಯಾ ದ್ವೀಪ;
ಎಬ್ಬಿಸಿದರೂ ಏಳದು, ಹಡಗೇ ಸುತ್ತಿ ಬರಬೇಕು.
ಬಾಗಿಲು ಅಂದರೆ ನಮಗೆ ಬಿಡಿಸಿ ಹೇಳಬೇಕಿರಲಿಲ್ಲ:
ಹಲಗೆಯಿಲ್ಲ, ಅಗುಳಿಯಿಲ್ಲ,
ಸಂಜೆ ಕಡೆಯ ಲಾಂಚ್ ಹೋದರೆ
ಮುಚ್ಚಿತು.

ಮೂಡಣದ ದೊರೆಯ ದಂಡು ಬಂತು.
ಇಕ್ಕಟ್ಟಿನಲ್ಲಿ ಮುನ್ನೂರು ಜನ, ಅವರ ಜತೆಗೆ
ಯಾರೂ ಎಣಿಸದ ಇನ್ನಷ್ಟು ಜನ,
ಮೂರು ದಿನ ಬಾಗಿಲಿಗೆ ಮೈಕೊಟ್ಟು ನಿಂತರು.
ಊರಿನವನೇ ಒಬ್ಬ ರಾತ್ರಿ
ಗುಡ್ಡದ ಒಳದಾರಿ ತೋರಿಸಿಬಿಟ್ಟ.
“ಎಷ್ಟು ದುಡ್ಡಿಗೆ?” ಅಂದ ಗುತ್ಯಪ್ಪ.
ಮೂಕಾಂಬು ಎದ್ದು ನಿಂತಳು. ಕ್ಲಾಸಿನಲ್ಲಿ ಎಂದೂ ಮಾತಾಡದವಳು.
“ದಾರಿ ತೋರ್ಸೋದು ತಪ್ಪಾ ಟೀಚರ್?
ಡ್ಯಾಮಿನ ಸರ್ವೆಯವ್ರು ಬಂದಾಗ
ಹೊಳೆ ಎಲ್ಲಿ ಸಣ್ಣ ಅಂತ
ನಮ್ಮಜ್ಜನೇ ಕರ್ಕೊಂಡ್ ಹೋಗಿ ತೋರ್ಸಿದ್ದಂತೆ.
ಒಂದು ಟಾರ್ಚ್ ಕೊಟ್ಟಿದ್ರಂತೆ.”

ಟೀಚರ್ ಬೋರ್ಡ್ ಒರೆಸಿದರು.
ಒರೆಸಿದ್ದನ್ನೇ ಒರೆಸಿದರು.

ಆಮೇಲೆ ಹೇಳಿದ್ದು ನದಿಯ ಕಥೆ.
ಸ್ಪೆರ್ಕಿಯೋಸ್. ಅಲ್ಲಿ ನದಿ ಗಂಡು, ಹೆಸರಿನ ಅರ್ಥ ಅವಸರ.
ನಮ್ಮದು ಹೆಣ್ಣು, ಹುಟ್ಟಿದ್ದೇ ಶರದಿಂದ.
ಅವಸರ, ಶರಾವತಿ
ಅಂತ ನಾನು ಪಟ್ಟಿಯ ಕೊನೆಗೆ ಬರೆದುಕೊಂಡೆ.
ಮಗ ಯುದ್ಧದಿಂದ ಬಂದರೆ ಅವನ ಮುಡಿ ಕೊಡುತ್ತೇನೆಂದು
ಹಳೆಯ ಕಾಲದ ಅಪ್ಪನೊಬ್ಬ ಆ ನದಿಗೆ ಹರಕೆ ಹೊತ್ತಿದ್ದನಂತೆ.
ಮಗ ಬರಲಿಲ್ಲ.
ಹರಕೆ ಬಾಕಿಯಿದ್ದರೂ ನದಿ ಮುನಿಯಲಿಲ್ಲ,
ಬೊಗಸೆ ಬೊಗಸೆ ಮಣ್ಣು ತಂದು ಸುರಿಯುತ್ತ ಹೋಯಿತು.
ಎರಡೂವರೆ ಸಾವಿರ ವರ್ಷ.
ಕೊಲ್ಲಿ ಹಿಂದೆ ಸರಿಯಿತು. ಕಾದ ಹಾದಿ ಬಯಲಾಯಿತು.
ಈಗ ಅಲ್ಲಿ ಹತ್ತಿ, ಆಲಿವ್, ಹೆದ್ದಾರಿಯ ಲಾರಿ;
ಕಡಲು ಎಲ್ಲಿ ಅಂತ ಕೇಳಿದರೆ
ಹರದಾರಿ ಆಚೆಗೆ ಕೈ ತೋರಿಸುತ್ತಾರೆ.
ಪ್ರಾಣ ಕೊಡೋಣವೆಂದರೂ
ಅಡ್ಡ ನಿಲ್ಲಲು ಒಂದು ಇಕ್ಕಟ್ಟಿಲ್ಲ.

ಇವತ್ತು ನಮ್ಮ ದೋಣಿ ಸೇತುವೆಯ ಕಂಬದ ನೆರಳಿನಲ್ಲಿದೆ.
ಮೇಲೆ ಬಸ್ಸು ಹೋದಾಗ ನೀರಿಗೆ ಸಣ್ಣ ನಡುಕ.
ಲಾಂಚಿನಲ್ಲಿ ಟಿಕೆಟ್ ಹರಿಯುತ್ತಿದ್ದ ಗುತ್ಯಪ್ಪ
ಸೇತುವೆಯ ಆ ತುದಿಗೆ ಶುಂಠಿ ಸೋಡಾ ಮಾರುತ್ತಾನೆ.
ಬಾಗಿಲು ಈಗ ರಾತ್ರಿಯೂ ತೆರೆದೇ ಇರುತ್ತದೆ,
ನಿದ್ದೆ ಬರುವುದಿಲ್ಲ ಮಾರಾಯ, ಅನ್ನುತ್ತಾನೆ.

“ಇದೆಲ್ಲ ತುಂಬೋಕೆ ಎಷ್ಟು ವರ್ಷ ಸಾರ್?”
“ನನ್ನ ಪೆನ್ಷನ್ ಆದಮೇಲೆ,” ಅಂದರು ಬಣಕಾರ್ ಸಾಹೇಬರು,
ಪೆನ್ನು ಝಾಡಿಸಿ.

ಗುಂಡು ಎಳೆದುಕೊಂಡೆ. ಮೇಣದಲ್ಲಿ
ಒಂದಿಷ್ಟು ಕೆಮ್ಮಣ್ಣು, ಅಭ್ರಕದ ಒಂದು ಚೂರು.
ಹದಿನೈದು. ಕೆಸರು ಎರಡಡಿ.
ಮೂಕಾಂಬುವಿನ ಅಜ್ಜ ನಡೆದ ಒಳದಾರಿ
ಇಲ್ಲೇ ಎಲ್ಲೋ ಕೆಳಗಿರಬೇಕು.
ಗುಂಡು ಅದನ್ನು ಮುಟ್ಟಿತೋ ಇಲ್ಲವೋ,
ಹಗ್ಗಕ್ಕೆ ತಿಳಿಯುವುದಿಲ್ಲ.