ಹೆಪ್ಪಿನ ಜಾಡು

ಮುಚಖಂಡಿ ಸರ್ ಕೆಂಪು ಪೆನ್ನಿನಲ್ಲಿ ಬರೆದದ್ದು ಇಷ್ಟೇ:
"ವಿಷಯ ಸರಿ. ವಿಧಾನ ಎಲ್ಲಿ?"
ಪ್ರಸ್ತಾವನೆಯ ಏಳನೇ ಪುಟ ಅರ್ಧ ಬಿಳಿಯಾಗಿಯೇ ಉಳಿದಿತ್ತು.

ನನ್ನ ವಿಷಯ: ಮುಳುಗಡೆಯಾದ ಹೊಳೆದಂಡೆಯ ಒಂದು ಓಣಿ
ನವನಗರದ ಸೆಕ್ಟರುಗಳಿಗೆ ಚದುರಿದ ಮೇಲೆ
ನೆರೆಹೊರೆ ಎಂಬುದು ಏನಾಯಿತು.

ಮೊದಲು ಪ್ರಶ್ನಾವಳಿ. ನಲವತ್ತೆರಡು ಪ್ರಶ್ನೆ, ಐದೈದು ಚೌಕ.
ತುಳಜಾಬಾಯಿ ಹನ್ನೊಂದನೆಯದನ್ನು ಎರಡು ಸಲ ಓದಿಸಿಕೊಂಡಳು:
ಹೊಸ ನೆರೆಹೊರೆಯ ಬಗ್ಗೆ ತಮಗೆ ತೃಪ್ತಿ ಇದೆಯೇ?
"ತೃಪ್ತಿ ಅಂದ್ರ, ಊಟದ್ದೇನವಾ?"
"ಹೇಳಲಾರೆ" ಎಂಬ ಚೌಕಕ್ಕೆ ನಾನೇ ಗೆರೆ ಎಳೆದೆ.
ಎಳೆದಾದ ಮೇಲೆ ಒಂದು ತಾಸು ಆಕೆ ಹೇಳುತ್ತಲೇ ಇದ್ದಳು.

ಆಮೇಲೆ ಯಾದೃಚ್ಛಿಕ ಮಾದರಿ, ಪ್ರತಿ ಐದನೆಯ ಮನೆ.
ಐದನೆಯದರಲ್ಲಿ ಬ್ಯಾಂಕ್ ಮ್ಯಾನೇಜರ್, ಊರು ದಾವಣಗೆರೆ.
ಹತ್ತನೆಯದಕ್ಕೆ ಬೀಗ. ಹದಿನೈದು ಖಾಲಿ ಸೈಟು, ಬರೀ ಜಾಲಿ.
ನನ್ನ ಕೋಷ್ಟಕ ಜಾಲಿಕಂಟಿಯನ್ನೂ
"ಪ್ರತಿಕ್ರಿಯೆ ಇಲ್ಲ" ಎಂದು ಎಣಿಸಿಕೊಂಡಿತು.

ಹಿನ್ನೀರು ಇಳಿದಾಗ ಹೋಗಿ ನೋಡು ಎಂದಳು ಶಾಹೀನ್,
ಮೆಟ್ಟಿಲು ಕಾಣುತ್ತವೆ, ಅರ್ಧ ಬೀಸುಕಲ್ಲು ಕಾಣುತ್ತದೆ.
ಹೋದೆ. ನನಗಿಂತ ಮೊದಲೇ ಅಲ್ಲಿ ಮೂರು ಕ್ಯಾಮೆರಾ.

ಪುಸ್ತಕದಲ್ಲಿ ಇನ್ನೊಂದಿತ್ತು, ಹಿಮಚೆಂಡು ಮಾದರಿ:
ಒಬ್ಬರು ಇನ್ನೊಬ್ಬರ ಹೆಸರು ಹೇಳುತ್ತಾರೆ, ಅವರು ಮತ್ತೊಬ್ಬರದು,
ಉರುಳುತ್ತ ಉರುಳುತ್ತ ಚೆಂಡು ದೊಡ್ಡದಾಗುತ್ತದೆ.
ಬಾಗಲಕೋಟೆಯ ಮೇ ತಿಂಗಳು. ನಾನು ಹಿಮ ಕಂಡದ್ದು
ಫ್ರಿಜ್ಜಿನ ಗೋಡೆಯ ಮೇಲೆ ಮಾತ್ರ.

ಅದೇ ಮಧ್ಯಾಹ್ನ ತುಳಜಾಬಾಯಿಯ ಬಾಗಿಲಿಗೆ
ಸ್ಕೂಟಿ ಮೇಲೆ ಒಬ್ಬ ಹುಡುಗ, ಕೈಯಲ್ಲಿ ಸ್ಟೀಲ್ ವಾಟಗ.
"ಅಮ್ಮಾರ, ಸ್ವಲ್ಪ ಹೆಪ್ಪ."
ನಾಲ್ಕು ಹಾಲಿನಂಗಡಿ ದಾಟಿ ಬಂದಿದ್ದ.
"ನಂದಲ್ಲವಾ ಇದು," ಅಂದಳು ಆಕೆ ನನ್ನ ಕಡೆ ತಿರುಗಿ,
"ನಾ ಬಸಲಿಂಗವ್ವನ ಕಡಿಂದ ತಂದೆ, ಆಕಿ ಮಹಬೂಬಿ ಕಡಿಂದ.
ಊರು ಬಿಡೂ ದಿನ ಮಹಬೂಬಿ ಟ್ರ್ಯಾಕ್ಟರನ್ಯಾಗ
ಮೊಸರಿನ ಗಡಗಿ ತೊಡಿ ಮ್ಯಾಲ ಇಟಗೊಂಡು ಕುಂತಿದ್ಲು."

ನಲವತ್ತೆರಡು ಪ್ರಶ್ನೆ ಹೊಡೆದುಹಾಕಿ ಒಂದನ್ನು ಇಟ್ಟುಕೊಂಡೆ:
ನಿಮ್ಮ ಹೆಪ್ಪು ಯಾರ ಮನೆಯದು?
ದೀಪ ಹಚ್ಚಿದ ಮೇಲೆ ಯಾರೂ ಹೆಪ್ಪು ಕೊಡುವುದಿಲ್ಲ,
ಹಾಗಾಗಿ ದತ್ತಾಂಶ ಸಂಗ್ರಹದ ಅವಧಿ ಮೂರರಿಂದ ಆರು.
ಹನ್ನೆರಡು ದಿನ. ಐವತ್ತನಾಲ್ಕು ಮನೆ.
ಗೋಡೆಗೆ ಅಂಟಿಸಿದ ನಕ್ಷೆಯಲ್ಲಿ ಓಣಿ
ಮತ್ತೆ ಎದ್ದು ನಿಂತಂತೆ ಕಂಡಿತು.
ಸರ್ ಮೊದಲ ಸಲ ಪೆನ್ನು ಮುಚ್ಚಿದರು.
"ಹಿಮಚೆಂಡು ಅಂತಲೇ ಬರಿ. ಹೆಪ್ಪು ಅಡಿಟಿಪ್ಪಣಿಗಿರಲಿ."

ಮುಗಿಯಿತು ಅಂದುಕೊಂಡಿದ್ದೆ.
ಪುನರ್ವಸತಿ ಕಚೇರಿಯ ಕಪಾಟಿನಲ್ಲಿ
ಪರಿಹಾರದ ಹಳೇ ರಿಜಿಸ್ಟರು ಸಿಕ್ಕಿತು, ಗೆದ್ದಲು ತಿಂದದ್ದು.
ಎಣಿಸಿದೆ. ಓಣಿಯಲ್ಲಿದ್ದ ಮನೆ ಅರವತ್ತೊಂದು.

ಏಳು ಮನೆ.
ಐವತ್ತನಾಲ್ಕು ಬಾಯಿಗಳಲ್ಲಿ ಒಂದೂ ಬಾಯಿ
ಆಡದೆ ಬಿಟ್ಟ ಏಳು ಹೆಸರು.
ಸುಳ್ಳು ಯಾರೂ ಹೇಳಿರಲಿಲ್ಲ.
ನಾನು ಕೇಳಿದ್ದು ಕೊಟ್ಟು ತೆಗೆದುಕೊಂಡವರ ಬಗ್ಗೆ.

ಕೊನೆಯ ಸೆಕ್ಟರು, ಕೊನೆಯ ಅಡ್ಡರಸ್ತೆ.
ಯಮನವ್ವ ಬಾಗಿಲಲ್ಲಿ ಕೂತು ಮೆಣಸಿನಕಾಯಿ ಮುರಿಯುತ್ತಿದ್ದಳು.
ಅದೇ ಪ್ರಶ್ನೆ ಕೇಳಿದೆ. ಕೇಳುವಾಗ ನಾಲಿಗೆ ತಡವರಿಸಿತು.
ಆಕೆ ನಕ್ಕಳು ಅನ್ನಲಾರೆ. ಒಂದು ತೊಟ್ಟು ಎತ್ತಿ ತೋರಿಸಿದಳು.
"ಕೇಳಾಕ ಯಾರ ಕಟ್ಟಿ ಏರತಿದ್ವಿ?
ಕಾಸಿದ ಹಾಲಾಗ ಮೆಣಸಿನಕಾಯಿ ತೊಟ್ಟು ಹಾಕಿದ್ರ
ಬೆಳಗಾಗೂದ್ರಾಗ ಹೆಪ್ಪ ಆಗತೈತಿ. ಗೊತ್ತಿಲ್ಲೇನು?"

ಗೊತ್ತಿರಲಿಲ್ಲ.
ನಾನೂ ಆ ಓಣಿಯಲ್ಲೇ ಹುಟ್ಟಿದವಳು, ನಡುವಿನ ಮನೆಯವಳು;
ಇದನ್ನು ಎಷ್ಟನೇ ಪುಟದಲ್ಲಿ ಬರೆಯಬೇಕು?

ಹೊತ್ತು ಮುಳುಗಿತ್ತು. ಎದುರು ಮನೆಯಲ್ಲಿ ದೀಪ.
ಯಮನವ್ವ ಎದ್ದು ಒಳಗೆ ಹೋದಳು,
ಗಡಿಗೆಯ ಮುಚ್ಚಳ ಸರಿದ ಸದ್ದು.
"ಒಯ್ತೀ ಏನು, ಸ್ವಲ್ಪ?"