ಏಳು

"ಹತ್ತರಿಂದ ಹಿಂದಕ್ಕ ಎಣಸು, ಬಾಯ್" ಅಂದ್ಲು ನಿದ್ದಿ ಡಾಕ್ಟರು,
ಸಣ್ಣ ಹುಡುಗಿ, ಮಾಸ್ಕಿನ ಮ್ಯಾಲ ಕಾಡಿಗಿ ಕಣ್ಣು.
ನನಗ ನಗಿ ಬಂತು.
ಇಪ್ಪತ್ತೆರಡು ವರ್ಷ ಮಾಪ್ಸಾ ಪ್ಯಾಟ್ಯಾಗ
ಕೊತ್ತಂಬರಿ, ಮೆಂತ್ಯೆ ಮಾರಿ ಚಿಲ್ಲರ ಎಣಿಸಿದಾಕಿಗೆ
ಎಣಿಸೂದು ಹೇಳಿಕೊಡತಾಳಲ್ಲ!
ಧಾ, ಣವ್, ಆಟ್ ಅಂತ ಅವರ ಮಾತಿನ್ಯಾಗ ಸುರು ಮಾಡಿದೆ.
ಸೂಜಿಯೊಳಗಿಂದ ತಣ್ಣಗ ಏನೋ ಹರದು
ಮೊಣಕೈ ದಾಟೂದ್ರಾಗ ನಾಲಿಗಿ ಊರಿಗೆ ಹೊಳ್ಳಿತು:
ಏಳು

"ಏಳು, ಯವ್ವಾ, ಏಳು" ಅಂತ ಸಾವಂತ್ರಿ ಗಲ್ಲ ತಟ್ಟತಿದ್ಲು.
"ಆರು" ಅಂದೆ.
ಬಾಯಿ ಖರೇನ ಆರಿತ್ತು,
ಮಾಳಿಗಿ ಮ್ಯಾಲ ಹರವಿದ ಮೆಣಸಿನಕಾಯಿಯಂಗ.
"ಎಲ್ಲಾ ಮುಗದೈತಿ, ಎರಡು ತಾಸಾತು" ಅಂದ್ಲು.
ಎಲ್ಲಿ ಎರಡು ತಾಸು?
ನಾ ಇನ್ನೂ ಐದು ಅಂದಿಲ್ಲ.

ಆಮ್ಯಾಲ ಚಳಿ.
ಮೇ ತಿಂಗಳ, ಗ್ವಾಡಿ ಸೈತ ಬೆವರತಾವು ಇಲ್ಲಿ,
ನನಗ ಮಾತ್ರ ಹಲ್ಲು ಕಟಕಟ,
ನನ್ನ ಕೂಡ ಕಬ್ಬಿಣದ ಕಾಟೂ ನಡುಗತಿತ್ತು.
ಪಿಯೆದಾದ್ ಸಿಸ್ಟರ್ ಎರಡು ಕಂಬಳಿ ಹೊಚ್ಚಿ
"ಎಲ್ಲಾರಿಗೂ ಆಗತೈತಿ" ಅಂದು ಬಾಜೂ ಹಾಸಿಗಿಗೆ ಹೋದ್ಲು.
ಅಲ್ಲೊಬ್ಬ ಮೀನಿನ ಮುದುಕ, ಎಚ್ಚರ ಅರ್ಧ,
ಸಲಾಯಿನ್ ಪೈಪು ಹಿಡಕೊಂಡು ಗಾಳಿಯಾಗ ಬಲೆ ಎಳೀತಿದ್ದ.
ಏನು ಸಿಗತಿತ್ತೋ, ನಗತಿದ್ದ.

ವಾಂತಿ ಮೂರು ಸಲ. ಹಸರು ನೀರು.
ಗಡಿಯಾರದ ಎರಡು ಮುಳ್ಳು ನಾಕು ಕಂಡವು.
ಒಂದಕ್ಕ ಅಂತ ಪಾತ್ರಿ ಇಟ್ಟರು, ಬರಲಿಲ್ಲ.
ಸಿಸ್ಟರ್ ಸುಮ್ಮನ ಹೋಗಿ ನಳ ತಿರುವಿದ್ಲು,
ನೀರಿನ ಸದ್ದಿಗೆ ನಾಚಿಕಿ ಬಿಟ್ಟು ಬಂತು.
ಅವತ್ತು ಅದಕ್ಕಿಂತ ದೊಡ್ಡ ಸುಖ ಇರಲಿಲ್ಲ.

ಗಂಟಲ ಮಾತ್ರ.
ನಾ ಇಲ್ಲದಾಗ ನನ್ನ ಬಾಯಾಗ ಉಸರಿನ ಪೈಪು ಹಾಕಿದ್ರಂತ.
ನುಂಗಿದರ ಮುಳ್ಳು,
ಮಾತಾಡಿದರ ತುಕ್ಕು ಹಿಡಿದ ಬಾಗಲಾ.
"ಎರಡ್ಮೂರು ದಿನ, ತಾನ ಹೋಗತೈತಿ" ಅಂದ್ಲು ಡಾಕ್ಟರು.
ಹೊಲಿಗಿ ನೋವಿಗೆ ಗುಳಿಗಿ ಐತಿ,
ಶುಕ್ರವಾರದ ಸಂತ್ಯಾಗ ಕೂಗಲಿಲ್ಲಂದ್ರ
ಸೊಪ್ಪು ಬಾಡತೈತಿ, ಅದಕ್ಕೇನೈತಿ?

ಶುಕ್ರವಾರ ಸಾವಂತ್ರಿ ಕುಂತ್ಲು ನನ್ನ ಜಾಗಾದಾಗ,
ನಾ ಹಿಂದ, ಗೋಣಿಚೀಲದ ಮ್ಯಾಲ.
ಹುಡುಗಿ ಕೂಗೂದು ತೆಳ್ಳಗ, ಸಾಲ್ಯಾಗ ಪ್ರಾರ್ಥನಿ ಹೇಳಿದಂಗ.
ರೇಟು ತಪ್ಪಿದ್ಲು, ನಾ ಬಾಯಿ ತೆಗದೆ.
ಗಾಳಿ ಅಷ್ಟ ಬಂತು.
ಮೂರು ಕಟ್ಟು ಐವತ್ತು ಅಂತ ಬೆರಳ ತೋರಿಸಿದೆ.
ಗಿರಾಕಿ ನನಗ ಮೂಕಿ ಅಂತ ತಿಳದು
ಹತ್ತು ರೂಪಾಯಿ ಹೆಚ್ಚಿಗಿ ಕೊಟ್ಟು ಹೋದ್ಲು.

ರಾತ್ರಿ ಲೆಕ್ಕ ಹಾಕಿದೆ.
ಯಾರು ಕೊಟ್ಟರು, ಯಾರದು ಉದ್ರಿ.
ಆ ಎರಡು ತಾಸು ಯಾರ ಹೆಸರಿಗೂ ಕೂಡಲಿಲ್ಲ.
ನಿದ್ದಿ ಅಂದ್ರ ಒಂದು ಕನಸರ ಇರಬೇಕಿತ್ತು,
ಮಗ್ಗಲ ಬದಲಿಸಿದ ಗುರುತರ.
ಪಿತ್ತದ ಚೀಲದಾಗಿಂದ ತೆಗದ ಹನ್ನೊಂದು ಹಳ್ಳು
ಬಾಟಲ್ಯಾಗ ಹಾಕಿ ಕೊಟ್ಟಾರ, ನನ್ನವಂತ.
ಸುರುವಿ ತಕ್ಕಡ್ಯಾಗ ಇಟ್ಟೆ.
ಮುಳ್ಳು ಅಲುಗಲಿಲ್ಲ.

ದೀಪಾ ಆರಿಸಿ ಸಾವಂತ್ರಿ ಮಲಗಿದ ಮ್ಯಾಲ
ಒಡಕ ದನ್ಯಾಗ, ಯಾರಿಗೂ ಕೇಳದಂಗ,
ಉಳಿದದ್ದು ಎಣಿಸಿದೆ.
ಐದು, ನಾಕು, ಮೂರು,
ಎರಡು.
ಒಂದು ಅನ್ನಲಿಲ್ಲ.
ಅದು ಮುಂಜಾನಿಗೆ ಉದ್ರಿ ಇಟ್ಟೆ.