ಮಂಜು, ಮಾಂಜಿ

ಬೆಳಗಿನ ನಾಲ್ಕಕ್ಕೆ ಫಹಾಹೀಲಿನ ಮೀನುಪೇಟೆಯಲ್ಲಿ
ನಾನೇ ಹಿಮಾಲಯ.
ಗುಂಡಿ ಒತ್ತಿದರೆ ಸಾಕು, ಕೊಳವೆಯ ಬಾಯಿಂದ
ದಡದಡ ಸುರಿಯುತ್ತದೆ ಪುಡಿಮಂಜು.
ನಿನ್ನೆ ಸಮುದ್ರವಾಗಿದ್ದದ್ದು,
ಎಣ್ಣೆ ಉರಿಸಿ, ಕುದಿಸಿ, ಉಪ್ಪು ಕಳೆದು
ಮತ್ತೆ ಕರೆಂಟಿಗೆ ಹೆಪ್ಪುಗಟ್ಟಿದ್ದು.

ಗಂಗೊಳ್ಳಿಯ ನನಗೆ ಮಂಜೆಂದರೆ
ಮಾಘದಲ್ಲಿ ಅಳಿವೆಯ ಮೇಲೆ ಮಲಗುವ ಹೊಗೆ,
ಅಜ್ಜಿಯ ಎಡಗಣ್ಣಿನ ಪೊರೆ,
ಬೋಟಿನ ಹೊಟ್ಟೆಗೆ ತುಂಬುವ ಗಡ್ಡೆ.
ಎಲ್ಲಕ್ಕೂ ಒಂದೇ ಮಾತು.
ಹಿಮ ಅನ್ನುವುದು ಶಾಲೆಯ ಪುಸ್ತಕದಲ್ಲಿತ್ತು,
ಅಲ್ಲೇ ಬಿಟ್ಟು ಬಂದೆ.

ಶೇರ್ಕೋಗೆ ಹಾಗಲ್ಲ. ತಕ್ಕಡಿಯ ಆಚೆ ನಿಲ್ಲುವ ಕುರ್ದ,
ರವಾಂದುಜ್ ಕಡೆಯವನು.
ಅವರಲ್ಲಿ ಮಾಡು ಅಂದರೆ ಚಪ್ಪಟೆ ಮಣ್ಣು;
ರಾತ್ರಿ ಬಿದ್ದದ್ದನ್ನು ಬೆಳಿಗ್ಗೆ ಮರದ ಸಲಿಕೆಯಲ್ಲಿ ತಳ್ಳದಿದ್ದರೆ
ಸಂಜೆಗೆ ಮಾಡೇ ಊಟದ ತಟ್ಟೆಗೆ ಬೀಳುತ್ತದಂತೆ.
ತಳ್ಳುವ ಮೊದಲು ತಾಯಿ ಕೈ ಊರಿ ಅಳೆಯುವಳು:
ನಾಲ್ಕು ಬೆರಳು, ಗೇಣು, ಮೊಳ.
ಮೊಳ ಬಿದ್ದ ವರ್ಷ ಮಗಳ ಮದುವೆಯ ಮಾತು,
ಬೆರಳು ಬಿದ್ದ ವರ್ಷ ಆಡು ಮಾರುವ ಮಾತು.

"ಅದು ಕರಗುವುದು ನಿಧಾನ," ಅಂದ,
"ಬೇಡದ ನೆಂಟನನ್ನು ಬಾಗಿಲಿಂದಲೇ ಸಾಗಹಾಕಿದ ಹಾಗೆ
ಬಿಳಿ ಮೈ ಬಿಸಿಲನ್ನು ವಾಪಸ್ ಕಳಿಸುತ್ತೆ.
ಏಪ್ರಿಲ್‌ವರೆಗೂ ಸತಾಯಿಸಿ ಆಮೇಲೆ ತೊಟ್ಟು ತೊಟ್ಟು ಕೊಡುತ್ತೆ,
ಹಳ್ಳಕ್ಕೆ, ಝಾಬ್‌ಗೆ, ಟೈಗ್ರಿಸ್‌ಗೆ, ಬಸ್ರಾದ ಖರ್ಜೂರಕ್ಕೆ.
ಉಳಿದದ್ದು ನಿನಗೆ."

ನನಗೆ?
ಹೌದು. ಆ ಸಿಹಿನೀರು ಕೊಲ್ಲಿಯ ತಲೆಗೆ ಬಂದು ಕಲಸಿದಲ್ಲೇ
ಮಾಂಜಿ ಮರಿಯಾಗುವುದು.
ಇಲ್ಲಿಯವರ ಜುಬೈದಿ, ಬೆಣ್ಣೆಯಂಥ ಮೀನು.

ಈ ಜನವರಿ ಅವನ ತಂಗಿ ವಿಡಿಯೊ ಕಳಿಸಿದ್ದಳು.
ಬೆಟ್ಟ ಕಪ್ಪಗಿತ್ತು.
ಯಾರೂ ಮಾತಾಡಿರಲಿಲ್ಲ ಅದರಲ್ಲಿ; ನಾಯಿ ಬೊಗಳುತ್ತಿತ್ತು, ಅಷ್ಟೆ.

ಈಗ ಜುಲೈ. ಬಲೆಗೆ ಅನುಮತಿ ಸಿಕ್ಕಿ ಒಂಬತ್ತು ದಿನ.
ಬಸ್ರಾದಲ್ಲಿ ನದಿಯೇ ಉಪ್ಪಾಗಿದೆಯಂತೆ,
ಎಮ್ಮೆಗಳು ಮೂತಿ ಇಟ್ಟು ಹಿಂದಿರುಗುತ್ತವಂತೆ.
ಉಮ್ ಜಾಸಿಮ್ ಕಿವಿರು ಎತ್ತಿ ನೋಡಿ
"ಇಷ್ಟು ಸಣ್ಣದಕ್ಕೆ ಇಷ್ಟು ದಿನಾರೇ?" ಎಂದು
ಕಳ್ಳನನ್ನು ನೋಡುವ ಹಾಗೆ ನನ್ನನ್ನು ನೋಡಿದಳು.
ಏನು ಹೇಳಲಿ,
ನಿಮ್ಮ ಮೀನು ಈ ಸಲ ಒಂದು ಮಾಡಿನ ಮೇಲೆ
ಬೀಳಲೇ ಇಲ್ಲ ಅಂತಲೇ?

ಖಾಲಿ ಟ್ರೇಗಳಿಗೂ ಮಂಜು ಹರಡುತ್ತೇನೆ, ರೂಢಿ.
ಶೇರ್ಕೋ ಬಂದು ಅದರಲ್ಲಿ ಕೈ ಊರುತ್ತಾನೆ.
ನಾಲ್ಕು ಬೆರಳು.
ಒರೆಸಿಕೊಳ್ಳದೆ ಹಾಗೇ ತಕ್ಕಡಿಗೆ ಹೋಗುತ್ತಾನೆ;
ಹನಿ ಒಂದೊಂದಾಗಿ ಸಿಮೆಂಟಿನ ಮೇಲೆ, ಚರಂಡಿಯ ಕಡೆಗೆ.
ಕಡಲು ಇಲ್ಲಿಂದ ನೂರು ಹೆಜ್ಜೆ.